ಒಂದು ಗೋದಾಮು, ಇಬ್ಬರು ಮುನೀಮರು

ಗಂಗಾವತಿಯ ಭತ್ತದ ವ್ಯಾಪಾರವನ್ನು ಕಂಡವರಿಗೆ ಗೋದಾಮು ಎಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಹರಿದಂದಿನಿಂದ ಆ ಸೀಮೆಯಲ್ಲಿ ಭತ್ತದ ಚೀಲಗಳಿಗೆ ಕೊರತೆಯಿಲ್ಲ. ನೂರಾರು ಚೀಲಗಳು ಒಂದರ ಮೇಲೊಂದು ಒಟ್ಟಿ ನಿಂತಿರುವ ಕಡೆ ಯಾರ ಚೀಲ ಯಾವ ಸಾಲಿನಲ್ಲಿದೆ ಎಂಬುದನ್ನು ಚೀಲ ತಾನಾಗಿ ಹೇಳುವುದಿಲ್ಲ. ಹೇಳುವುದು ಮುನೀಮನ ಖಾತೆಪುಸ್ತಕ. ಆ ಪುಸ್ತಕ ಕಳೆದುಹೋದರೆ ಭತ್ತವೇನೂ ಹಾರಿಹೋಗುವುದಿಲ್ಲ. ಆದರೆ ಅದರ ಒಡೆಯನ ಪಾಲಿಗೆ ಅದು ಇದ್ದೂ ಇಲ್ಲದಂತೆಯೇ.

ಗಣಕಯಂತ್ರದ ಹಾರ್ಡ್ ಡಿಸ್ಕ್ ಇಂಥದೇ ಒಂದು ಗೋದಾಮು. ಅದರೊಳಗೆ ಇರುವುದು ಸೊನ್ನೆ, ಒಂದು ಎಂಬ ಎರಡೇ ಗುರುತುಗಳ ಅಪಾರ ರಾಶಿ. ಇಂಥ ಕಡತ ಈ ಸ್ಥಳದಲ್ಲಿ ಆರಂಭವಾಗುತ್ತದೆ, ಇಷ್ಟು ಜಾಗವನ್ನು ಆಕ್ರಮಿಸಿದೆ, ಇಂಥ ದಿನ ಬರೆಯಲ್ಪಟ್ಟಿತು ಎಂದು ತಿಳಿಸುವ ಖಾತೆಯೊಂದು ಆ ಡಿಸ್ಕಿನ ಮೇಲೆಯೇ ಇರುತ್ತದೆ. ಅದಕ್ಕೆ ಫೈಲ್ ಸಿಸ್ಟಮ್ ಎಂದು ಹೆಸರು. ಆ ಖಾತೆಯನ್ನು ಬರೆದು ಓದುವ ಮುನೀಮನೇ ಆಪರೇಟಿಂಗ್ ಸಿಸ್ಟಮ್. ಸಾಮಾನ್ಯವಾಗಿ ಒಂದು ಯಂತ್ರಕ್ಕೆ ಒಬ್ಬನೇ ಮುನೀಮ. ಕೆಲವು ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಇಬ್ಬರಿರುವುದುಂಟು. ಒಬ್ಬ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್, ಇನ್ನೊಬ್ಬ ಲಿನಕ್ಸ್. ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ, ಬಳಿಕ ಲೋಕದ ಸಾವಿರಾರು ಮಂದಿ ಕೈಗೂಡಿಸಿ ಬೆಳೆಸಿದ ವ್ಯವಸ್ಥೆ ಇದು. ಉಬುಂಟು ಎಂಬುದು ಅದರದೇ ಒಂದು ರೂಪ. ಯಂತ್ರವನ್ನು ಚಾಲೂ ಮಾಡಿದೊಡನೆ ಯಾರು ಬೇಕೆಂದು ಕೇಳುವ ಪಟ್ಟಿಯೊಂದು ತೆರೆಯ ಮೇಲೆ ಮೂಡುತ್ತದೆ. ಆರಿಸಿದವನು ಕೆಲಸಕ್ಕೆ ಕೂಡುತ್ತಾನೆ, ಮತ್ತೊಬ್ಬ ಆ ದಿನ ಮಲಗಿರುತ್ತಾನೆ. ಇಬ್ಬರೂ ಏಕಕಾಲದಲ್ಲಿ ಎಚ್ಚರವಾಗಿರುವ ಪ್ರಮೇಯವಿಲ್ಲ. ಡ್ಯುಯಲ್ ಬೂಟ್ ಎಂದು ಕರೆಯುವುದು ಈ ಏರ್ಪಾಟನ್ನೇ.

ತೊಡಕು ಇರುವುದು ಅವರು ಬರೆಯುವ ಖಾತೆಗಳಲ್ಲಿ. ಒಬ್ಬ ಮೋಡಿ ಲಿಪಿಯಲ್ಲಿಯೂ ಇನ್ನೊಬ್ಬ ಕನ್ನಡದಲ್ಲಿಯೂ ಲೆಕ್ಕ ಬರೆದರೆ ಹೇಗೋ ಹಾಗೆ. ವಿಂಡೋಸ್ ಬರೆಯುವ ಖಾತೆಗೆ ಎನ್‌ಟಿಎಫ್‌ಎಸ್ ಎಂದು ಹೆಸರು. ಅದು 1993ರಲ್ಲಿ ಬಳಕೆಗೆ ಬಂದಿತು. ಲಿನಕ್ಸ್‌ನ ಬಹುಮಟ್ಟಿನ ರೂಪಗಳು ಬರೆಯುವ ಖಾತೆಗೆ ಇಎಕ್ಸ್‌ಟಿ4 ಎಂದು ಹೆಸರು, ಅದು 2008ರದು. ಡಿಸ್ಕನ್ನು ಗೋಡೆ ಹಾಕಿದಂತೆ ಭಾಗ ಮಾಡಿ, ಒಂದೊಂದು ಭಾಗದಲ್ಲಿ ಒಬ್ಬೊಬ್ಬರ ಖಾತೆಯನ್ನು ಇರಿಸಿರುತ್ತಾರೆ.

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಇಂಥ ಯಂತ್ರವೊಂದಿದೆ ಎಂದು ಭಾವಿಸೋಣ. ಒಬ್ಬ ವಿದ್ಯಾರ್ಥಿನಿ ತನ್ನ ಅಜ್ಜಿ ಹೇಳುವ ಬೀಸುವ ಪದಗಳನ್ನು ವಾರಗಟ್ಟಲೆ ಕೂತು ಬೆರಳಚ್ಚು ಮಾಡುತ್ತಾಳೆ. ಅಜ್ಜಿಗೆ ಓದುಬರಹ ಬಾರದು. ಪದಗಳು ಬೇರೆಲ್ಲಿಯೂ ಬರೆದಿಲ್ಲ. ಸೋಮವಾರ ಆಕೆ ಕೆಲಸ ಮಾಡಿದ್ದು ಉಬುಂಟುವಿನಲ್ಲಿ. ಬುಧವಾರ ಯಾರೋ ವಿಂಡೋಸನ್ನು ಚಾಲೂ ಮಾಡಿಟ್ಟಿದ್ದಾರೆ. ಆಕೆ ಹುಡುಕುತ್ತಾಳೆ, ಕಡತವಿಲ್ಲ, ಕಡತವಿದ್ದ ಕೋಶವೂ ಇಲ್ಲ. ಅಳಿಸಿಹೋಯಿತೆಂದು ಅಕ್ಕಪಕ್ಕದವರು ತೀರ್ಮಾನಿಸುತ್ತಾರೆ. ಯಾವುದೂ ಅಳಿಸಿಲ್ಲ. ಚೀಲ ಇದ್ದಲ್ಲಿಯೇ ಇದೆ. ಆ ದಿನ ಕೂತಿರುವ ಮುನೀಮನಿಗೆ ಆ ಪುಸ್ತಕ ಓದಲು ಬರುವುದಿಲ್ಲ, ಅಷ್ಟೇ. ಇನ್ನೂ ವಿಚಿತ್ರವಾದುದೊಂದಿದೆ. ಲಿನಕ್ಸ್ ಖಾತೆಯಿರುವ ಡಿಸ್ಕನ್ನು ಹೊರಗಿನಿಂದ ತಂದು ಜೋಡಿಸಿದರೆ, ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕಾಗುತ್ತದೆ ಎಂದು ವಿಂಡೋಸ್ ಸೂಚಿಸುತ್ತದೆ. ಅಂದರೆ, ಈ ಪುಸ್ತಕ ತನಗೆ ತಿಳಿಯುತ್ತಿಲ್ಲ, ಹರಿದುಹಾಕಿ ಹೊಸದೊಂದನ್ನು ಹೊಲಿಯಲೇ ಎಂದು ಮುನೀಮ ಕೇಳಿದಂತಾಯಿತು. ಅರಿಯದ ಬೆರಳೊಂದು ಒಪ್ಪಿಗೆಯ ಗುಂಡಿಯನ್ನು ಒತ್ತಿದರೆ ಅಜ್ಜಿಯ ಪದಗಳ ಗತಿ ಏನಾದೀತೆಂದು ಹೇಳಬೇಕಾಗಿಲ್ಲ.

ಅದೇ ಯಂತ್ರದಲ್ಲಿ ಉಬುಂಟುವನ್ನು ಚಾಲೂ ಮಾಡಿದರೆ ಚಿತ್ರ ಬೇರೆಯಾಗುತ್ತದೆ. ವಿಂಡೋಸ್‌ನ ಭಾಗವೂ ಅದರೊಳಗಿನ ಕಡತಗಳೂ ಅಲ್ಲಿ ಕಾಣಸಿಗುತ್ತವೆ. ಲಿನಕ್ಸ್ ಮುನೀಮ ಎರಡು ಲಿಪಿಗಳನ್ನೂ ಬಲ್ಲವನು. ಈ ವಿದ್ಯೆ ಅವನಿಗೆ ಸುಲಭವಾಗಿ ದಕ್ಕಿದ್ದಲ್ಲ. ಎನ್‌ಟಿಎಫ್‌ಎಸ್ ಖಾತೆಯನ್ನು ಬರೆಯುವ ಪೂರ್ಣ ಕ್ರಮವನ್ನು ಅದರ ಒಡೆಯರು ಪ್ರಕಟಿಸಿರಲಿಲ್ಲ. ಲಿನಕ್ಸ್‌ನ ಕೆಲಸಗಾರರು ಬರೆದಿಟ್ಟ ಪುಟಗಳನ್ನೇ ಮತ್ತೆ ಮತ್ತೆ ಪರಿಶೀಲಿಸಿ, ಈ ಗುರುತು ಬಂದೆಡೆ ಈ ಅರ್ಥವಿರಬೇಕೆಂದು ಊಹಿಸಿ, ಊಹೆಯನ್ನು ಪರೀಕ್ಷಿಸಿ ಕಲಿತರು. ನೆಚ್ಚಿಕೊಂಡು ಓದಿ ಬರೆಯಬಲ್ಲ ಸಾಧನ ಸಿದ್ಧವಾದುದು 2006-07ರ ವೇಳೆಗೆ. 2021ರಲ್ಲಿ ಇನ್ನೂ ವೇಗವಾದ ಮತ್ತೊಂದು ಸಾಧನ ಲಿನಕ್ಸ್‌ನ ಒಡಲಲ್ಲಿಯೇ ಸೇರಿತು.

ಈ ಬಗೆಯ ಸಾಹಸಕ್ಕೆ ಕೊಪ್ಪಳದ ನೆಲದಲ್ಲಿಯೇ ಹಿರಿಯ ಸಾಕ್ಷಿಯೊಂದಿದೆ. ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ, ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿ ಕಡೆದ ಅಕ್ಷರಗಳು ಅವು. ಬಂಡೆಗೆ ಬೀಗವಿರಲಿಲ್ಲ, ಬಿಸಿಲಿಗೂ ಮಳೆಗೂ ತೆರೆದೇ ಇತ್ತು. ಆದರೆ ಬ್ರಾಹ್ಮಿಯನ್ನು ಓದುವ ವಿದ್ಯೆ ಇಡೀ ದೇಶದಲ್ಲಿಯೇ ಮರೆತುಹೋಗಿತ್ತು. 14ನೆಯ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಅಶೋಕನ ಸ್ತಂಭವನ್ನು ದೆಹಲಿಗೆ ತರಿಸಿದಾಗ ಅದರ ಬರಹವನ್ನು ಓದಬಲ್ಲವರು ಯಾರೂ ದೊರೆಯಲಿಲ್ಲ. ಕಲ್ಕತ್ತೆಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್, ಸಾಂಚಿಯ ಸ್ತೂಪದ ಕಟಾಂಜನದ ಮೇಲಿನ ಕಿರುಬರಹಗಳನ್ನು ಸಾಲಾಗಿ ಇರಿಸಿಕೊಂಡು ನೋಡಿದ. ಅನೇಕ ಬರಹಗಳ ಕೊನೆಯಲ್ಲಿ ಅವೇ ಎರಡು ಅಕ್ಷರಗಳು ಬರುತ್ತಿದ್ದವು. ಭಕ್ತರು ಕೊಟ್ಟ ಕಾಣಿಕೆಗಳ ಮೇಲೆ ಇರಬಹುದಾದ ಮಾತು ‘ದಾನಂ’ ಎಂದು ಊಹಿಸಿದ. ಆ ಎರಡು ಅಕ್ಷರಗಳಿಂದ ಉಳಿದವು ಒಂದೊಂದಾಗಿ ಬಿಚ್ಚಿಕೊಂಡವು. ಇದು 1837ರ ಮಾತು. 1931ರಲ್ಲಿ ಕೊಪ್ಪಳದ ಶಾಸನಗಳು ವಿದ್ವಾಂಸರ ಕಣ್ಣಿಗೆ ಬಿದ್ದಾಗ ಅವುಗಳನ್ನು ಓದಲು ತಡವಾಗಲಿಲ್ಲ. ಕೀಲಿಕೈ ಆಗಲೇ ಸಿದ್ಧವಾಗಿತ್ತು.

ಪ್ರಿನ್ಸೆಪ್‌ನ ಮುಂದೆ ಇದ್ದುದು ಕಾಲದ ಮರೆವು. ಲಿನಕ್ಸ್‌ನ ಕೆಲಸಗಾರರ ಮುಂದೆ ಇದ್ದುದು ಬದುಕಿರುವ ಒಡೆಯರ ಮೌನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಲಿನಕ್ಸ್‌ನ ಖಾತೆಯ ಕ್ರಮ ಎಲ್ಲರಿಗೂ ಬಿಚ್ಚಿಟ್ಟ ಪುಸ್ತಕ. ಓದಬೇಕೆನ್ನುವವರು ಇಂದೇ ಓದಬಹುದು. ಮುಚ್ಚಿಟ್ಟದ್ದನ್ನು ಬಡವರು ಕಷ್ಟಪಟ್ಟು ಕಲಿತರು, ತೆರೆದಿಟ್ಟದ್ದನ್ನು ಸಿರಿವಂತರು ಬಹುಕಾಲ ಕಲಿಯುವ ಗೋಜಿಗೆ ಹೋಗಲಿಲ್ಲ. ಈಚಿನ ವಿಂಡೋಸ್‌ನೊಳಗೆ ಲಿನಕ್ಸನ್ನೇ ಅತಿಥಿಯಾಗಿ ಕೂರಿಸಿಕೊಂಡು, ಅದರ ಮೂಲಕ ಬೇರೊಂದು ಡಿಸ್ಕಿನ ಇಎಕ್ಸ್‌ಟಿ4 ಭಾಗವನ್ನು ಓದುವ ಉಪಾಯ ಬಂದಿದೆ. ಆದರೆ ಶಾಲೆಯ ಹುಡುಗಿಯೊಬ್ಬಳು ಕೋಶವನ್ನು ತೆರೆದೊಡನೆ ಕಡತ ಕಾಣುವಂಥ ಸರಳ ಬಾಗಿಲು ಅದಲ್ಲ. ಇದನ್ನು ಯಂತ್ರದ ಸ್ವಭಾವವೆಂದು ಸಹಿಸಿಕೊಳ್ಳುವುದು ತಪ್ಪು. ಮನುಷ್ಯರು ಮಾಡಿದ ಆಯ್ಕೆ ಇದು.

ಬಲ್ಲ ಮುನೀಮನಿಗೂ ಒಂದು ಕಡೆ ಕೈಕಟ್ಟು. ವ್ಯಾಪಾರಿಗಳ ಅಂಗಡಿಯಲ್ಲಿ ಕಿರ್ದಿ ಎಂಬುದೊಂದಿರುತ್ತದೆ. ದಿನದ ವ್ಯವಹಾರವನ್ನು ಮೊದಲು ಅದರಲ್ಲಿ ಬರೆದು, ಆಮೇಲೆ ಖಾತೆಗೆ ಏರಿಸುತ್ತಾರೆ. ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಎರಡಕ್ಕೂ ಇಂಥ ಕಿರ್ದಿಯಿದೆ. ನಡುವೆ ವಿದ್ಯುತ್ತು ಹೋದರೂ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಪಡಿಸಿಕೊಳ್ಳಬಹುದು. ಈಗ, ಮೋಡಿಯ ಮುನೀಮ ಲೆಕ್ಕವನ್ನು ಪೂರ್ತಿ ಮುಗಿಸದೆ, ಅರ್ಧವನ್ನು ನೆನಪಿನಲ್ಲಿಟ್ಟುಕೊಂಡು, ನಾಳೆ ಬಂದು ಮುಂದುವರಿಸುವೆನೆಂದು ಎದ್ದುಹೋದನೆನ್ನಿ. ಆ ರಾತ್ರಿ ಇನ್ನೊಬ್ಬ ಬಂದು ಅದೇ ಪುಸ್ತಕದಲ್ಲಿ ಬರೆದರೆ ಏನಾದೀತು? ಬೆಳಗ್ಗೆ ಮೊದಲನೆಯವನು ತನ್ನ ನೆನಪಿನಂತೆ ಬರೆಯುತ್ತಾನೆ. ಎರಡೂ ಸೇರಿ ಲೆಕ್ಕ ಕೆಡುತ್ತದೆ. ವಿಂಡೋಸ್ 2012ರಿಂದ ಈ ಅಭ್ಯಾಸವನ್ನು ಮಾಡಿಕೊಂಡಿದೆ. ಬೇಗ ಎಚ್ಚರಗೊಳ್ಳಬೇಕೆಂಬ ಆಸೆಯಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಟಿನಲ್ಲಿ, ಶಟ್‌ಡೌನ್ ಎಂದು ಆಜ್ಞಾಪಿಸಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ತನ್ನ ನೆನಪಿನ ಒಂದು ಭಾಗವನ್ನು ಡಿಸ್ಕಿನ ಮೇಲೆ ಬರೆದಿಟ್ಟು ನಿದ್ದೆ ಹೋಗುತ್ತದೆ. ಆಗ ಲಿನಕ್ಸ್ ಆ ಭಾಗವನ್ನು ಓದಲು ಮಾತ್ರ ಬಿಡುತ್ತದೆ, ಇಲ್ಲವೇ ತೆರೆಯಲು ನಿರಾಕರಿಸುತ್ತದೆ. ಇದನ್ನು ಕಂಡು ಅನೇಕರು ಬೇಸರಪಟ್ಟು, ಬಲವಂತದಿಂದ ತೆರೆಸುವ ಆಜ್ಞೆಗಳನ್ನು ಎಲ್ಲಿಂದಲೋ ತಂದು ಪ್ರಯೋಗಿಸುತ್ತಾರೆ. ಅದು ಕೂಡದು. ಲಿನಕ್ಸ್‌ನ ಆ ಹಠ ವಿವೇಕದ ಹಠ. ಉಪಾಯ ಸರಳವಾಗಿದೆ: ವಿಂಡೋಸ್‌ನಲ್ಲಿ ಆ ಏರ್ಪಾಟನ್ನು ತೆಗೆದುಹಾಕುವುದು, ಅಷ್ಟು ಅಧಿಕಾರವಿಲ್ಲದಿದ್ದರೆ ಶಟ್‌ಡೌನ್ ಬದಲು ರಿಸ್ಟಾರ್ಟ್ ಕೊಟ್ಟು, ಬರುವ ಪಟ್ಟಿಯಲ್ಲಿ ಉಬುಂಟುವನ್ನು ಆರಿಸಿಕೊಳ್ಳುವುದು. ರಿಸ್ಟಾರ್ಟ್‌ನಲ್ಲಿ ವಿಂಡೋಸ್ ಲೆಕ್ಕವನ್ನು ಪೂರ್ತಿ ಮುಗಿಸಿಯೇ ಏಳುತ್ತದೆ.

ಇಬ್ಬರಿಗೂ ತಿಳಿಯುವ ಮೂರನೆಯ ಖಾತೆಯೊಂದನ್ನು ಇಡುವುದು ಇನ್ನೂ ಉತ್ತಮ. ಡಿಸ್ಕಿನಲ್ಲಿ ಒಂದು ಭಾಗವನ್ನು ಸಾಮಾನ್ಯ ಕಡತಗಳಿಗೆಂದೇ ಮೀಸಲಿರಿಸಿ, ಎರಡೂ ವ್ಯವಸ್ಥೆಗಳಲ್ಲಿ ಕೆಲಸ ಮಾಡಿದವರು ಅಲ್ಲಿಯೇ ಉಳಿಸಬೇಕೆಂಬ ನಿಯಮ ಮಾಡಬಹುದು. ಹಳೆಯ ಫ್ಯಾಟ್32 ಎಂಬ ಖಾತೆಯನ್ನು ಎಲ್ಲರೂ ಓದುತ್ತಾರೆ. ಆದರೆ 4 ಗಿಗಾಬೈಟಿನಷ್ಟು ದೊಡ್ಡ ಕಡತ ಅದರಲ್ಲಿ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಎಂಬುದಕ್ಕೆ ಆ ತೊಂದರೆಯಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಅದರ ಕ್ರಮವನ್ನು ಪ್ರಕಟಿಸಿತು, ಲಿನಕ್ಸ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೂ ಎಕ್ಸ್‌ಫ್ಯಾಟಿಗೆ ಕಿರ್ದಿಯಿಲ್ಲ. ಹೇಳದೆ ಕೇಳದೆ ವಿದ್ಯುತ್ತು ಹೋಗುವ ಊರುಗಳಲ್ಲಿ ಅದನ್ನು ಪೆನ್ ಡ್ರೈವಿಗೆ ಇರಿಸಿಕೊಂಡು, ಯಂತ್ರದೊಳಗಿನ ಸಾಮಾನ್ಯ ಭಾಗಕ್ಕೆ ಎನ್‌ಟಿಎಫ್‌ಎಸನ್ನೇ ಬಳಸುವುದು ಲೇಸು. ಕಡತಗಳಿಗೆ ಹೆಸರಿಡುವಾಗಲೂ ಒಂದಿಷ್ಟು ಎಚ್ಚರ ಬೇಕು. ‘ಪಾಠ: 3’ ಎಂದು ವಿವರಣ ಚಿಹ್ನೆಯಿಟ್ಟು ಬರೆದ ಹೆಸರನ್ನು ಲಿನಕ್ಸ್ ಒಪ್ಪುತ್ತದೆ, ವಿಂಡೋಸ್ ಒಪ್ಪುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆಗೂ ಅದೇ ಗತಿ.

ಇಷ್ಟೆಲ್ಲ ರಗಳೆ ಏಕೆ, ಒಬ್ಬನೇ ಮುನೀಮನನ್ನು ಇಟ್ಟುಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಒಂದು ಮನೆಗೆ, ಒಂದು ಕಚೇರಿಗೆ ಅದು ಅನುಕೂಲವೇ. ಆದರೆ ವಿದ್ಯಾರ್ಥಿ ಒಂದೇ ಕೋಣೆಯಲ್ಲಿ ಬಾಳುವವನಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಸ್ವತಂತ್ರ ತಂತ್ರಾಂಶ, ಅಂದರೆ ಲಿನಕ್ಸ್, ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಕಲಿಯುತ್ತಾರೆ. ಅವರಲ್ಲೊಬ್ಬ ಮುಂದೆ ಮಂಗಳೂರಿನ ಕಚೇರಿಯೊಂದಕ್ಕೆ ಸೇರಿದರೆ ಅಲ್ಲಿ ಎದುರಾಗುವುದು ಬಹುಶಃ ವಿಂಡೋಸ್. ಕೊಪ್ಪಳದ ಹುಡುಗನೊಬ್ಬ ಬೆಂಗಳೂರಿಗೆ ಹೋದರೆ ಅವನ ಅನುಭವ ಇದಕ್ಕೆ ವಿರುದ್ಧವಾಗಿರಬಹುದು. ಮುನೀಮರು ಬದಲಾಗುತ್ತಲೇ ಇರುತ್ತಾರೆ. ಭತ್ತ ರೈತನದು ಎಂಬ ಮಾತು ಮಾತ್ರ ಬದಲಾಗಬಾರದು.

ಖಾತೆಯ ಬೀಗ ತೆರೆದ ಮೇಲೂ ಕನ್ನಡದ ಬರಹಕ್ಕೆ ಇನ್ನೊಂದು ಬೀಗವುಂಟು. ಇದರ ಬಗೆಗೆ ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಮೊದಲನೆಯದು ಲೋಕದ ಎಲ್ಲರ ತೊಂದರೆ, ಇದು ಬಹುಮಟ್ಟಿಗೆ ನಮ್ಮಂಥ ಭಾಷೆಗಳವರ ತೊಂದರೆ. ಹತ್ತಿಪ್ಪತ್ತು ವರ್ಷಗಳ ಹಿಂದೆ ವಿಂಡೋಸ್‌ನಲ್ಲಿ ಬರೆದ ಕನ್ನಡದ ಕಡತವೊಂದನ್ನು ಉಬುಂಟುವಿನಲ್ಲಿ ತೆರೆದರೆ, ಅನೇಕ ವೇಳೆ ಕನ್ನಡದ ಬದಲು ತಲೆಯ ಮೇಲೆ ಚುಕ್ಕೆ, ಗೆರೆ, ಟೊಪ್ಪಿಗೆಗಳನ್ನು ಹೊತ್ತ ಐರೋಪ್ಯ ಅಕ್ಷರಗಳ ಜಾತ್ರೆ ಕಾಣುತ್ತದೆ. ಕಡತ ಕೆಟ್ಟಿಲ್ಲ. ಆ ಕಾಲದಲ್ಲಿ ಗಣಕಯಂತ್ರದ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ಸುಲಭವಾಗಿ ಒದಗುವ ಸ್ಥಳವಿರಲಿಲ್ಲ. ಆದುದರಿಂದ ಐರೋಪ್ಯ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿ ಅಚ್ಚುಗಳನ್ನು ತಯಾರಿಸಿದರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಮೊದಲಾದ ತಂತ್ರಾಂಶಗಳು ಅಂದು ಈ ದಾರಿಯನ್ನು ಹಿಡಿದವು. ಅವುಗಳಿಂದ ಕನ್ನಡಕ್ಕೆ ಆದ ಉಪಕಾರ ಸಣ್ಣದಲ್ಲ. ಸಾವಿರಾರು ಕಚೇರಿಗಳಲ್ಲಿ ಕನ್ನಡ ಮುದ್ರಣಗೊಂಡದ್ದು ಅವುಗಳ ಬಲದಿಂದ. ಆದರೆ ಯಂತ್ರದ ಮಟ್ಟಿಗೆ ಆ ಬರಹ ಕನ್ನಡವಾಗಿರಲಿಲ್ಲ, ಕನ್ನಡದ ವೇಷ ತೊಟ್ಟಿತ್ತು. ಆ ಅಚ್ಚು ಇಲ್ಲದ ಯಂತ್ರಕ್ಕೆ ಹೋದೊಡನೆ ವೇಷ ಕಳಚಿ ಬೀಳುತ್ತಿತ್ತು.

ಓದಲಾಗದ ದಾಖಲೆಯನ್ನು ಕೈಯಲ್ಲಿ ಹಿಡಿದು ನಿಲ್ಲುವ ಅನುಭವ ಈ ಸೀಮೆಗೆ ಹೊಸದಲ್ಲ. 1948ರವರೆಗೆ ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದುವಾಗಿತ್ತು. ಕನ್ನಡವನ್ನೇ ಆಡುತ್ತಿದ್ದ ರೈತನ ಹೊಲದ ಕಾಗದ ಅವನಿಗೆ ತಿಳಿಯದ ಲಿಪಿಯಲ್ಲಿರುತ್ತಿತ್ತು. ಹೊಲ ಅವನದು, ಬೆವರು ಅವನದು. ಕಾಗದದಲ್ಲಿ ಏನಿದೆ ಎಂಬುದನ್ನು ಬೇರೊಬ್ಬರು ಓದಿ ಹೇಳಬೇಕು. ಉರ್ದು ಬಲ್ಲವರು ನೆರೆಯಲ್ಲಿಯೇ ಇದ್ದುದರಿಂದ ಅಂದು ಕೇಳಿ ತಿಳಿಯಲಾದರೂ ಸಾಧ್ಯವಿತ್ತು. ಅಚ್ಚು ಕಳೆದುಹೋದ ಕಡತವನ್ನು ಯಾವ ನೆರೆಯವನೂ ಓದಿ ಹೇಳಲಾರ.

ಈ ಎರಡನೆಯ ಬೀಗಕ್ಕೆ ಕೀಲಿ ದೊರೆತಿರುವುದು ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ. ಆ ಸಂಖ್ಯೆ ಇನ್ನಾವ ಭಾಷೆಯ ಅಕ್ಷರಕ್ಕೂ ಇಲ್ಲ. ‘ಕೊಪ್ಪಳ’ ಎಂಬ ಹೆಸರನ್ನು ಬರೆದರೆ ಯಂತ್ರದಲ್ಲಿ ನಿಲ್ಲುವುದು 3221, 3274, 3242, 3277, 3242, 3251 ಎಂಬ ಆರು ಸಂಖ್ಯೆಗಳು. ಮೊದಲನೆಯದು ‘ಕ’, ಎರಡನೆಯದು ಅದರ ‘ಒ’ ಸ್ವರ, ನಡುವಿನ 3277 ಎಂಬುದು ಎರಡು ಪಕಾರಗಳನ್ನು ಬೆಸೆಯುವ ವಿರಾಮ ಚಿಹ್ನೆ, ಕೊನೆಯದು ‘ಳ’. ವಿಂಡೋಸ್‌ನ ತುಂಗಾ ಅಚ್ಚಿನಲ್ಲಿ ನೋಡಿದರೂ ಲಿನಕ್ಸ್‌ನ ಲೋಹಿತ್ ಅಚ್ಚಿನಲ್ಲಿ ನೋಡಿದರೂ ಅಕ್ಷರದ ಸೊಬಗಿನಲ್ಲಿ ಅಷ್ಟಿಷ್ಟು ವ್ಯತ್ಯಾಸ ಕಂಡೀತು, ಊರು ಕೊಪ್ಪಳವೇ ಆಗಿರುತ್ತದೆ. ಹೀಗೆ ಬರೆದ ಲೇಖನವನ್ನು ಒಡಿಎಫ್‌ನಂಥ ಮುಕ್ತ ವಿನ್ಯಾಸದಲ್ಲಿ ಉಳಿಸಿದರೆ ಮೂರನೆಯ ತೊಡಕೂ ತಪ್ಪುತ್ತದೆ. 2006ರಲ್ಲಿ ಅಂತರರಾಷ್ಟ್ರೀಯ ಮಾನಕವೆಂದು ಅಂಗೀಕೃತವಾದ ವಿನ್ಯಾಸವದು. ಎರಡೂ ವ್ಯವಸ್ಥೆಗಳಲ್ಲಿ ಬಿಟ್ಟಿಯಾಗಿ ದೊರೆಯುವ ಲಿಬ್ರೆ ಆಫೀಸ್ ಅದನ್ನು ಓದಬಲ್ಲುದು.

ಈಗ ಉಳಿದಿರುವುದು ಹಳೆಯ ರಾಶಿ. ಶಾಲೆಗಳ ವಾರ್ಷಿಕ ಸಂಚಿಕೆಗಳು, ಸಂಘಸಂಸ್ಥೆಗಳ ನಡವಳಿಕೆಗಳು, ಊರಿನ ಚರಿತ್ರೆಯನ್ನು ಕುರಿತು ಯಾರೋ ಆಸಕ್ತರು ಬರೆದಿಟ್ಟ ಟಿಪ್ಪಣಿಗಳು ಹಳೆಯ ಅಚ್ಚುಗಳಲ್ಲಿ, ಹಳೆಯ ಡಿಸ್ಕುಗಳಲ್ಲಿ ಇನ್ನೂ ಕೂತಿವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಪರಿವರ್ತನೆ ಸಂಪೂರ್ಣ ನಿರ್ದೋಷವಾಗಿರುತ್ತದೆಂದು ನಂಬಬಾರದು; ಒತ್ತಕ್ಷರಗಳಲ್ಲಿ, ವಿಶೇಷವಾಗಿ ‘ಧರ್ಮ’, ‘ಸೂರ್ಯ’ ಮೊದಲಾದ ಮಾತುಗಳ ಅರ್ಕಾವತ್ತಿನಲ್ಲಿ, ತಪ್ಪುಗಳು ನುಸುಳುತ್ತವೆ. ಯಂತ್ರ ಪರಿವರ್ತಿಸಿದ ಮೇಲೆ ಕನ್ನಡ ಬಲ್ಲ ಕಣ್ಣೊಂದು ಸಾಲು ಸಾಲಾಗಿ ಓದಲೇಬೇಕು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೇ ಅದು.

ಕೆಲಸಕ್ಕೆ ಕಾಲದ ಮಿತಿಯೂ ಇದೆ. ಶಾಲೆಗೆ ಹೊಸ ಯಂತ್ರ ಬಂದಾಗ ಹಳೆಯದನ್ನು ಮೂಲೆಗೆ ಸರಿಸುವುದು, ಕೆಲವು ತಿಂಗಳ ಮೇಲೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ವಿಲೇವಾರಿ ಮಾಡುವುದು ವಾಡಿಕೆ. ಎರಡು ವ್ಯವಸ್ಥೆಗಳಿದ್ದ ಯಂತ್ರವಾದರೆ ವಿಂಡೋಸ್‌ನ ಕಡೆಯಿಂದ ಮಾತ್ರ ನೋಡಿ, ಏನೂ ಇಲ್ಲವೆಂದು ಬರೆದುಕೊಡುವ ಸಂಭವ ಹೆಚ್ಚು. ಅಂಥ ಯಂತ್ರವನ್ನು ಒಮ್ಮೆಯಾದರೂ ಉಬುಂಟುವಿನಲ್ಲಿ ಚಾಲೂ ಮಾಡಿ, ಎರಡೂ ಭಾಗಗಳನ್ನು ತೆರೆದು, ಇರುವ ಕಡತಗಳನ್ನು ಎಕ್ಸ್‌ಫ್ಯಾಟ್ ಪೆನ್ ಡ್ರೈವಿಗೆ ತೆಗೆದುಕೊಂಡು, ಮತ್ತೊಂದು ಯಂತ್ರದಲ್ಲಿ ಅವು ತೆರೆಯುತ್ತವೆಯೇ ಎಂದು ನೋಡಿದ ಮೇಲೆಯೇ ವಿಲೇವಾರಿಯ ಕಾಗದಕ್ಕೆ ಮುಖ್ಯೋಪಾಧ್ಯಾಯರ ರುಜು ಬೀಳಬೇಕು.